ಇಪ್ಪತ್ತನೆಯ ತೋಟೆ

ಬುಧವಾರ ಬೆಳಿಗ್ಗೆ ವರ್ನಾ ಕಾವಲಿಗೆ ಎರಡನೆಯ ಪ್ಯಾನ್‌ಕೇಕ್ ಹುಯ್ಯುತ್ತಿದ್ದಳು. ಮೊದಲನೆಯದು ಯಾವತ್ತೂ ನಾಯಿಯ ಪಾಲು. ಹಿಟ್ಟಿನ ಮೇಲೆ ಗುಳ್ಳೆ ಏಳುವ ಮೊದಲೇ ಹಿಂಬಾಗಿಲು ತೆರೆದುಕೊಂಡು ಪಕ್ಕದ ಜಮೀನಿನ ಹಾರ್ಲನ್ ಪೈಕ್ ಒಳಗೆ ಬಂದ. ಬಾಗಿಲು ತಟ್ಟದೆ ಬರುವುದು ಅವನಿಗೆ ರೂಢಿ. ಟೋಪಿ ತೆಗೆಯದೆ ಬಂದದ್ದು ಅವತ್ತೇ ಮೊದಲು. ಜೇಬಿನಿಂದ ಏನನ್ನೋ ತೆಗೆದು ಮೇಜಿನ ಮೇಲೆ, ಪಾಕದ ಬಾಟಲಿಯ ಪಕ್ಕದಲ್ಲಿ, ನೆಟ್ಟಗೆ ನಿಲ್ಲಿಸಿದ. ಹಾರಿಸಿದ ಖಾಲಿ ತೋಟೆ.

"ಪೆನ್ನಿ ಹೋಯ್ತು," ಎಂದ. "ಹೊಟ್ಟೆಗೆ ಗುಂಡು."

ಪೆನ್ನಿ ಅವನ ಹೆಣ್ಣು ಕುದುರೆ. ತಾಮ್ರದ ಬಣ್ಣದ್ದು, ಹತ್ತೊಂಬತ್ತು ವರ್ಷದ್ದು, ಯಾರ ತಂಟೆಗೂ ಹೋಗದ ಪ್ರಾಣಿ. ಮಂಗಳವಾರ ಸಂಜೆ ಮೇವಿಗೆ ಬರಲಿಲ್ಲವಂತೆ. ಬೆಳಕು ಹರಿದ ಮೇಲೆ ಹುಡುಕಿದರೆ ತೊರೆಯ ಪಕ್ಕ ಬಿದ್ದಿತ್ತಂತೆ. ಎರಡು ಜಮೀನುಗಳ ನಡುವಿನ ಗುಡ್ಡದ ನೆತ್ತಿಯಲ್ಲಿ, ಹಳೆಯ ಪೈನ್ ಮರದ ಕೆಳಗೆ, ಈ ಹಿತ್ತಾಳೆ ಸಿಕ್ಕಿತಂತೆ. ಬೇಟೆಗೆ ಅಪ್ಪಣೆ ಇರುವುದು ಶನಿವಾರದಿಂದ. ಯಾರೋ ತಾಳ್ಮೆ ಇಲ್ಲದವರು ಮೊದಲೇ ಗುಡ್ಡ ಹತ್ತಿ, ಸಂಜೆಗತ್ತಲಲ್ಲಿ ಎಲ್ಕ್ ಜಿಂಕೆ ಅಂದುಕೊಂಡು ಹೊಡೆದಿದ್ದಾರೆ ಎಂಬುದು ಹಾರ್ಲನ್‌ನ ತರ್ಕ.

ಮೇಜಿನ ಆ ತುದಿಯಲ್ಲಿ ವರ್ನಾಳ ಮಾವ ಓರಿನ್ ಕಾಫಿ ಕುಡಿಯುತ್ತಿದ್ದ. ಎಪ್ಪತ್ತಾರರ ಮನುಷ್ಯ. ಹಾರ್ಲನ್ ತೋಟೆಯನ್ನು ಮಗುಚಿ ಅದರ ಬುಡವನ್ನು ಅವನ ಕಡೆಗೆ ತಿರುಗಿಸಿದ. ಬುಡದಲ್ಲಿ ಕೊರೆದಿದ್ದ ಅಳತೆ ಏಳು ಮಿಲಿಮೀಟರ್; ಬಾಯಿ ಮಾತ್ರ ಅದಕ್ಕಿಂತ ಸಣ್ಣದು. ನಡುವೆ, ಮದ್ದಿಗೆ ಕಿಡಿ ತಾಗಿಸುವ ಕೇಪಿನ ಸುತ್ತ ಒಂದು ಕೆಂಪು ಉಂಗುರ.

ಆ ಕಣಿವೆಯಲ್ಲಿ ಅದನ್ನು ಗುರುತಿಸಲಾರದವರು ಇರಲಿಲ್ಲ. ಓರಿನ್‌ನ ಕೋವಿ ಅವನ ಅಪ್ಪನ ಕಾಲದ್ದು, ಇನ್ನೂರೈವತ್ತೇಳು ರಾಬರ್ಟ್ಸ್ ಎಂಬ ಜಾತಿಯದು. ಅದರ ತೋಟೆ ಈಗ ಅಂಗಡಿಯಲ್ಲಿ ಸಿಕ್ಕಿದರೆ ಪುಣ್ಯ. ಹಾಗಾಗಿ ಅವನು ದಪ್ಪ ಕತ್ತಿನ ಏಳು ಮಿಲಿ ಹಿತ್ತಾಳೆಯನ್ನು ಅಚ್ಚಿಗೆ ಕೊಟ್ಟು ಕತ್ತು ಹಿಂಡಿಸಿ, ತನ್ನ ಕೈಯಾರೆ ತೋಟೆ ಕಟ್ಟುತ್ತಿದ್ದ. ಹಿಮದ ಪಸೆ ಒಳಗಿಳಿಯದಂತೆ ಕೇಪಿನ ಸುತ್ತ ವರ್ನಾಳ ಹಳೆಯ ನೇಲ್ ಪಾಲಿಷ್ ಬಳಿಯುತ್ತಿದ್ದ. ಓರಿನ್‌ನ ತೋಟೆಗಳು ಸಿಂಗಾರ ಮಾಡಿಕೊಂಡೇ ಗುಡ್ಡ ಹತ್ತುತ್ತವೆ ಎಂದು ಊರಿನವರು ನಗುತ್ತಿದ್ದುದು ಹೊಸದೇನಲ್ಲ.

"ನನ್ನವು ಇಪ್ಪತ್ತು. ಈ ವರ್ಷ ಇನ್ನೂ ಒಂದೂ ಹಾರಿಸಿಲ್ಲ," ಎಂದ ಓರಿನ್. ಎದ್ದು ಹೋಗಿ, ಹಿಂದೆ ಹಾಲು ಇಡುತ್ತಿದ್ದ ಕೋಣೆಯಿಂದ ತನ್ನ ಮರದ ಹಲಗೆಯನ್ನು ತಂದಿಟ್ಟ. ಅದರಲ್ಲಿ ಇಪ್ಪತ್ತು ಕುಳಿ. ಇಪ್ಪತ್ತರಲ್ಲೂ ತೋಟೆ ಇತ್ತು.

ಹಾರ್ಲನ್ ಬೆರಳಿಟ್ಟು ಎಣಿಸಿದ. ಎಣಿಸಿದ ಮೇಲೂ ಅವನ ಮುಖ ಸಡಿಲವಾಗಲಿಲ್ಲ.

"ಸರಿ ಹಾಗಾದ್ರೆ. ಏಳು ಮಿಲಿ ಹಿತ್ತಾಳೆ ಹಿಂಡಿ, ಅದಕ್ಕೆ ಬಣ್ಣ ಬೇರೆ ಬಳಿಯೋ ಇನ್ನೊಬ್ಬ ಹುಚ್ಚ ಈ ಕಣಿವೇಲಿ ಯಾರಿದಾನೆ ಹೇಳು ಮುದುಕಪ್ಪ, ಅವನ ಮನೆಗೇ ಹೋಗ್ತೀನಿ." ಮಾತು ಓರಿನ್‌ಗೆ, ಕಣ್ಣು ಡ್ವೇನ್‌ನ ಮೇಲೆ. ವರ್ನಾಳ ಗಂಡ ಡ್ವೇನ್ ಆಗತಾನೆ ಹಸುಗಳನ್ನು ನೋಡಿಕೊಂಡು ಬಂದು ಹೊಸ್ತಿಲಲ್ಲಿ ನಿಂತಿದ್ದ.

ಹಾರ್ಲನ್ ಇನ್ನೊಂದು ಮಾತು ಹೇಳಿ ಹೋದ. ಶನಿವಾರ ಬೆಳಗಿನ ತನಕ ಅವನು ಕಾಯುತ್ತಾನೆ. ಅಷ್ಟರೊಳಗೆ ಹೊಡೆದವರು ತಾವಾಗಿ ಬಂದು ಹೇಳಿದರೆ ನೆರೆಹೊರೆಯ ವಿಷಯ ನೆರೆಹೊರೆಯಲ್ಲೇ ಮುಗಿಯುತ್ತದೆ. ಇಲ್ಲದಿದ್ದರೆ ಬೇಟೆ ಅಧಿಕಾರಿಗೆ ಫೋನು. ಖಾಲಿ ತೋಟೆಯನ್ನು ಅವನು ಮರಳಿ ಜೇಬಿಗಿಟ್ಟುಕೊಂಡ.

ಕಾವಲಿಯ ಮೇಲಿನ ಪ್ಯಾನ್‌ಕೇಕ್ ಸೀದು ಕರಿದಾಗಿತ್ತು. ಹತ್ತು ವರ್ಷದ ಮಗಳು ಮಾರ್ನಿ ತನ್ನ ತಟ್ಟೆಯನ್ನು ಹಿಂದಕ್ಕೆ ತಳ್ಳಿ, ಬಸ್ಸಿಗೆ ಇನ್ನೂ ಅರ್ಧ ಗಂಟೆ ಇರುವಾಗಲೇ ಚೀಲ ಹೆಗಲಿಗೇರಿಸಿದಳು. ಬಾಗಿಲಲ್ಲಿ ಒಮ್ಮೆ ನಿಂತು ತಾಯಿಯ ಕಡೆ ತಿರುಗಿದಳು, ತುಟಿ ಬಿಚ್ಚಿದಳು, ಮತ್ತೆ ಮುಚ್ಚಿಕೊಂಡು ನಡೆದಳು. ಬೇಲಿಯ ಸಂದಿಯಿಂದ ಪೆನ್ನಿಗೆ ದಿನಾ ಸೇಬು ತಿನ್ನಿಸುತ್ತಿದ್ದವಳು ಅವಳೇ. ದುಃಖ ಹೊಟ್ಟೆಯಲ್ಲಿಟ್ಟುಕೊಂಡಿದ್ದಾಳೆ, ತಾನಾಗಿ ಹೊರಬರಲಿ ಎಂದು ವರ್ನಾ ಸುಮ್ಮನಾದಳು.

ಸುಮ್ಮನಿರಲಾಗದ ವಿಷಯ ಬೇರೆ ಇತ್ತು.

ಎರಡು ವರ್ಷದ ಹಿಂದೆ ಡ್ವೇನ್ ಹೊತ್ತು ಮುಳುಗಿದ ಮೇಲೆ, ಬೇಟೆ ನಿಷೇಧದ ಹೊತ್ತಿನಲ್ಲಿ, ಒಂದು ಎಲ್ಕ್ ಹೊಡೆದಿದ್ದ. ಅಪ್ಪನ ಇದೇ ಕೋವಿಯಲ್ಲಿ. ಕೇಳಿದರೆ, ತಾನು ಗುಡ್ಡಕ್ಕೇ ಹೋಗಿರಲಿಲ್ಲ ಎಂದು ಅವಳ ಮುಖ ನೋಡಿಕೊಂಡು ಒಂದು ವಾರ ಹೇಳಿದ್ದ. ನಿಜ ಅವಳಿಗೆ ತಿಳಿದದ್ದು ಅಂಚೆ ಕಚೇರಿಯ ಸಾಲಿನಲ್ಲಿ, ಬೇರೆಯವರ ಬಾಯಿಂದ. ಅವನ ಬೇಟೆಯ ಪರವಾನಗಿ ಮೂರು ವರ್ಷಕ್ಕೆ ಹೋಯಿತು. ಅದು ಹೋದದ್ದಕ್ಕೆ ವರ್ನಾ ಮರುಗಲಿಲ್ಲ. ಅವತ್ತು ಅವಳು ಒಂದೇ ಮಾತು ಹೇಳಿದ್ದಳು: ಇನ್ನೊಂದು ಸಲ ಹೀಗೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದರೆ, ಮಾರ್ನಿಯನ್ನು ಕರೆದುಕೊಂಡು ಬಿಲಿಂಗ್ಸ್‌ಗೆ, ಅಕ್ಕನ ಮನೆಗೆ ಹೊರಟುಬಿಡುತ್ತೇನೆ. ಕೂಗಾಡಿ ಹೇಳಿದ್ದಲ್ಲ. ಹಾಗಾಗಿಯೇ ಡ್ವೇನ್ ಅದನ್ನು ನಂಬಿದ್ದ.

ಮಂಗಳವಾರ ಮಧ್ಯಾಹ್ನ ಅವಳು ಓರಿನ್‌ನನ್ನು ಕಾಲಿನ ಡಾಕ್ಟರ ಬಳಿ ಪೇಟೆಗೆ ಕರೆದುಕೊಂಡು ಹೋಗಿದ್ದಳು, ಮರಳಿದ್ದು ಐದೂವರೆಗೆ. ಮಾರ್ನಿ ಎಂದಿನಂತೆ ಬಸ್ಸಿಳಿದು ಬಂದು ಮೇಜಿನ ಮೇಲೆ ಶಾಲೆಯ ಪುಸ್ತಕ ಹರಡಿಕೊಂಡಿದ್ದಳು. ಡ್ವೇನ್ ಕೆಳಗಿನ ಕಾಲುವೆಯಲ್ಲಿ ಹೂಳು ತೆಗೆಯುತ್ತಿದ್ದೆ ಎಂದ. ಕಂಡವರು ಯಾರೂ ಇಲ್ಲ.

ಬುಧವಾರ ಸಂಜೆಯೂ ಕಾಲುವೆಯಲ್ಲೇ ಇದ್ದೆ ಎಂದ. ಆದರೆ ಹಿಂಬಾಗಿಲಲ್ಲಿ ಕಳಚಿಟ್ಟ ಅವನ ಬೂಟಿಗೆ ಮೆತ್ತಿದ್ದು ಕಾಲುವೆಯ ಕಪ್ಪು ಕೆಸರಲ್ಲ. ಕೆಂಪು ಜೇಡಿ. ಆ ಜಮೀನಿನಲ್ಲಿ ಕೆಂಪು ಜೇಡಿ ಇರುವುದು ಗುಡ್ಡದ ಏರಿನಲ್ಲಿ ಮಾತ್ರ.

ವರ್ನಾ ಬೂಟನ್ನು ಇದ್ದಲ್ಲೇ ಬಿಟ್ಟಳು. ಒಳಗೆ ಬಂದು ಆಲೂಗಡ್ಡೆ ಸುಲಿಯುವಾಗ ತಾನು ಸಿಪ್ಪೆಯನ್ನು ಎಷ್ಟು ದಪ್ಪ ಸುಲಿಯುತ್ತಿದ್ದೇನೆಂದು ನೋಡಿ ಚಾಕು ಕೆಳಗಿಟ್ಟಳು. ಕುರುಹು ಅಳಿಸಲು ಹೋಗಿದ್ದಾನೆ. ಇಲ್ಲದಿದ್ದರೆ ಯಾಕೆ ಹೋಗಬೇಕು, ಯಾಕೆ ಮುಚ್ಚಿಡಬೇಕು?

ಗುರುವಾರ ಎಲ್ಲರೂ ಹೊರಗೆ ಹೋದ ಹೊತ್ತಿನಲ್ಲಿ ಅವಳು ಒದ್ದೆ ಬಟ್ಟೆಯ ಬುಟ್ಟಿಯನ್ನು ಹಾಗೇ ಬಿಟ್ಟು ಹಾಲಿನ ಕೋಣೆಗೆ ಹೋದಳು. ಕಿಟಕಿಯ ಕೆಳಗೆ ಓರಿನ್‌ನ ಬೆಂಚು. ಅದಕ್ಕೆ ಬಿಗಿದ ಹಿಡಿಕೆಯ ಪ್ರೆಸ್ಸು, ಅಚ್ಚುಗಳು, ಹಿತ್ತಾಳೆಗೆ ಸವರುವ ಮೇಣ, ಪುಟ್ಟ ತಕ್ಕಡಿ, ಮೇಲಿನ ಹಲಗೆಯಲ್ಲಿ ಮದ್ದಿನ ಡಬ್ಬಿ, ಮೊಳೆಯಲ್ಲಿ ಕೋವಿ ಕಪಾಟಿನ ಕೀಲಿ. ಬೆಂಚಿನ ಪಕ್ಕ ಒಂದು ಎತ್ತರದ ಸ್ಟೂಲು. ಎರಡು ಚಳಿಗಾಲದಿಂದ ಅದು ಮಾರ್ನಿಯದು. ಅಜ್ಜನ ಜೊತೆ ಕೂತು ಮೇಣ ಸವರಿದ್ದಾಳೆ, ಅಚ್ಚಿಗೆ ಕೊಟ್ಟಿದ್ದಾಳೆ, ಕೇಪು ಕೂರಿಸಿದ್ದಾಳೆ. ಕಪಾಟು ತೆರೆಯುವಂತಿಲ್ಲ ಎಂಬುದು ಆ ಮನೆಯ ಕಟ್ಟಳೆ; ತಾನು ಕೋಣೆಯಲ್ಲಿ ಇಲ್ಲದಾಗ ಮದ್ದಿನ ಡಬ್ಬಿ ಮುಟ್ಟಬಾರದು ಎಂಬುದು ಓರಿನ್‌ನ ಕಟ್ಟಳೆ.

ಹಲಗೆಯಲ್ಲಿ ಇಪ್ಪತ್ತೂ ಇದ್ದವು. ಅವಳು ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದಳು. ಹತ್ತೊಂಬತ್ತು ಹಿತ್ತಾಳೆಗಳು ಹಲವು ಸಲ ಉರಿದು ಜೇನಿನ ಬಣ್ಣಕ್ಕೆ ತಿರುಗಿದ್ದವು. ಕೊನೆಯ ಸಾಲಿನ ಮೂಲೆಯದು ಹೊಸತು, ಮೈಯೆಲ್ಲ ಜಿಡ್ಡು. ಅದರ ಕತ್ತಿನ ಬಳಿ ಗುಂಡಿನ ತಾಮ್ರ ಸುಲಿದು ಕೂದಲಿನಷ್ಟು ತೆಳ್ಳಗಿನ ಒಂದು ಸುರುಳಿ ನೇತಾಡುತ್ತಿತ್ತು.

ಹಿಂದೆ ಬಾಗಿಲ ಸದ್ದಾಯಿತು. ಓರಿನ್. ಅವನು ಅವಳ ಕೈಯಲ್ಲಿದ್ದುದನ್ನು ನೋಡಿದ. ತಾನೇ ಸ್ಟೂಲಿನ ಮೇಲೆ ಕೂತು, ಹೇಳಲೋ ಬೇಡವೋ ಎಂಬಂತೆ ಮೊಣಕಾಲು ನೀವಿಕೊಂಡ.

"ನಿಮಗೂ ಗೊತ್ತಿತ್ತಲ್ಲ ಮಾವ?"

"ಹಾರ್ಲನ್ ಎಣಿಸ್ತಿದ್ದಾಗಲೇ ಕಣ್ಣಿಗೆ ಬಿತ್ತು." ಮುದುಕನ ದನಿ ಕುಗ್ಗಿತ್ತು. ಕತ್ತು ಹಿಂಡಿದ ಮೇಲೆ ಹಿತ್ತಾಳೆಯ ಬಾಯಿ ಉದ್ದವಾಗುತ್ತದೆ, ಅದನ್ನು ಕತ್ತರಿಸಿ ಒಳಅಂಚನ್ನು ಕೆರೆದು ನಯ ಮಾಡಬೇಕು, ಮಾಡದಿದ್ದರೆ ಅದು ಗುಂಡಿನ ಚರ್ಮ ಸುಲಿಯುತ್ತದೆ ಎಂದು ವಿವರಿಸಿದ. ಐವತ್ತು ವರ್ಷದಲ್ಲಿ ತಾನು ಒಮ್ಮೆಯೂ ಅಂಚು ಕೆರೆಯದೆ ಬಿಟ್ಟವನಲ್ಲ ಎಂದ. "ಇದು ಅವಸರದ ಕೈ ಮಗಾ. ಅವಸರದ ಕೈ ಈ ಮನೇಲಿ ಯಾರದು ಅಂತ ನಾನು ಬಾಯಿಬಿಟ್ಟು ಹೇಳಲಾರೆ. ನಾನು ಅವನ ಅಪ್ಪ."

ಕುದುರೆ ಸತ್ತ ವಾರ ತಾನು ಗುಡ್ಡ ಹತ್ತುವುದಿಲ್ಲ, ಶನಿವಾರ ಮನೆಯಲ್ಲೇ ಇರುತ್ತೇನೆ ಎಂದೂ ಹೇಳಿದ. ವರ್ನಾ ತೋಟೆಯನ್ನು ಮೂಲೆಯ ಕುಳಿಗೆ ಮರಳಿಸಿ, ಬಟ್ಟೆ ಒಣಹಾಕಲು ಹೋದಳು. ಡ್ವೇನ್‌ನ ಅಂಗಿಗೆ ಕ್ಲಿಪ್ಪು ಹಾಕುವಾಗ ಬಿಲಿಂಗ್ಸ್‌ನ ಬಸ್ಸು ಎಷ್ಟು ಗಂಟೆಗೆ ಎಂದು ನೆನಪಿಸಿಕೊಳ್ಳುತ್ತಿದ್ದಳು.

ಆ ಎರಡು ದಿನ ಮನೆಯಲ್ಲಿ ಎಲ್ಲರೂ ಎಲ್ಲರ ಕೈ ನೋಡುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ಮಾಂಸದ ಸಾರಿನ ಪಾತ್ರೆ ಮೇಜಿನ ಸುತ್ತ ಕೈಯಿಂದ ಕೈಗೆ ದಾಟುತ್ತಿತ್ತು. ಮಾರ್ನಿ ಒಂದು ಬಿಸ್ಕಟ್ಟನ್ನು ಚೂರು ಚೂರು ಮಾಡಿ ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸುತ್ತಿದ್ದಳು. ಪಾತ್ರೆ ಒರೆಸುವಾಗ "ಅಮ್ಮಾ" ಎಂದಳು ಒಮ್ಮೆ. ವರ್ನಾ ಕೈ ನಿಲ್ಲಿಸಿ ಕಾದಳು. "ಏನಿಲ್ಲ" ಎಂದಳು ಮಾರ್ನಿ.

ಶುಕ್ರವಾರ ಮಧ್ಯಾಹ್ನ ಕೊಟ್ಟಿಗೆಯಲ್ಲಿ ಡ್ವೇನ್ ತಾನಾಗಿಯೇ ಬಾಯಿಬಿಟ್ಟ. ಹುಲ್ಲೆತ್ತುವ ಕವಲುಗೋಲನ್ನು ಗೋಡೆಗೆ ಒರಗಿಸಿ, ಅವಳ ಮುಂದೆ ಬಂದು ನಿಂತ.

"ನಾನೇ ಕಣೇ. ಪೆನ್ನೀನ ಹೊಡೆದದ್ದು ನಾನು."

ಅವಳ ಕಣ್ಣಲ್ಲಿ ಕಣ್ಣಿಟ್ಟೇ ಹೇಳಿದ. ನಾಳೆ ಬೆಳಿಗ್ಗೆ ಹಾರ್ಲನ್ ಮನೆಗೆ ಹೋಗಿ ಒಪ್ಪಿಕೊಳ್ಳುತ್ತಾನಂತೆ. ಅವನು ಅಧಿಕಾರಿಗೆ ಹೇಳಿದರೂ ಸರಿ, ಪರವಾನಗಿ ಜನ್ಮಕ್ಕೇ ಹೋದರೂ ಸರಿಯಂತೆ. ನೀನು ಏನು ಮಾಡಬೇಕು ಅಂತಿದೀಯೋ ಅದನ್ನು ನಾನು ತಡೆಯುವುದಿಲ್ಲ ಎಂದ.

ಮೂರು ದಿನದಿಂದ ಅವಳು ಕಾಯುತ್ತಿದ್ದ ಮಾತು ಇದು. ಬಂದ ಮೇಲೆ ಅದರ ಮೇಲೆ ಕಾಲೂರಿ ನಿಲ್ಲಬೇಕಿತ್ತು. ಯಾಕೋ ನೆಲ ಮೆದುವಾಗಿತ್ತು. ಎರಡು ವರ್ಷದ ಹಿಂದೆ ಒಂದು ವಾರ ಅವನು ಹೀಗೇ ನೋಡಿದ್ದ, ರೆಪ್ಪೆ ಬಡಿಯದೆ. ನಿಜ ಹೇಳುವಾಗ ಡ್ವೇನ್ ನೆಲ ನೋಡುತ್ತಾನೆ. ಅವಳು ಹನ್ನೆರಡು ವರ್ಷ ಅವನ ಜೊತೆ ಬಾಳಿದವಳು.

"ಹಲಗೇಲಿ ಖಾಲಿ ಕುಳಿ ತುಂಬಿಸಿದ ತೋಟೇನೂ ನೀನೇ ಕಟ್ಟಿದ್ದಾ?"

ಅವನು ಕವಲುಗೋಲನ್ನು ಮತ್ತೆ ಕೈಗೆತ್ತಿಕೊಂಡ. "ಹೂಂ. ನಾನೇ."

"ಮದ್ದು ಎಷ್ಟು ಹಾಕ್ದೆ?"

"ಅಪ್ಪ ಹಾಕೋವಷ್ಟೇ. ಇನ್ನೆಷ್ಟು ಹಾಕ್ತಾರೆ?"

ವರ್ನಾ ನೆಟ್ಟಗೆ ಹಾಲಿನ ಕೋಣೆಗೆ ನಡೆದಳು. ಓರಿನ್‌ನ ತಕ್ಕಡಿಯ ತಟ್ಟೆಯಲ್ಲಿ ಒಂದು ಹಳೆಯ ತೋಟೆ ಇಟ್ಟು, ಅವನು ಮಾಡುವಂತೆ ದಂಡ ಸಮವಾಗುವವರೆಗೆ ತೂಕವನ್ನು ಸರಿಸಿದಳು. ಅದನ್ನು ತೆಗೆದು ಇನ್ನೊಂದು ಹಳೆಯದನ್ನು ಇಟ್ಟಳು. ದಂಡ ಕೂದಲೆಳೆಯಷ್ಟು ಅಲುಗಿ ನಿಂತಿತು. ಆಮೇಲೆ ಮೂಲೆಯದನ್ನು ಇಟ್ಟಳು. ದಂಡ ಏಳಲೇ ಇಲ್ಲ. ತೂಕ ಕಡಿಮೆ, ಒಂದೆರಡು ಹರಳಿನಷ್ಟಲ್ಲ, ಒಂದು ತೋಟೆಯ ಇಡೀ ಮದ್ದಿನಷ್ಟು. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಳು. ಒಳಗೆ ಸದ್ದಿಲ್ಲ.

ಇಂಥದ್ದನ್ನು ಯಾರಾದರೂ ಅರಿಯದೆ ಹಾರಿಸಿದ್ದರೆ? ಬರಿಯ ಕೇಪಿನ ಏಟಿಗೆ ಗುಂಡು ನಳಿಗೆಯ ಅರ್ಧಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದೆಯೇ ಬಂದ ಇನ್ನೊಂದು ಈಡು ಕೋವಿಯನ್ನು ಮುಖದ ಮುಂದೆಯೇ ಸೀಳುತ್ತದೆ. ಆ ಮನೆಯ ಗಂಡಸರಿಬ್ಬರಿಗೂ ಅದು ಗೊತ್ತು. ಅವಸರವಾಗಿದ್ದರೂ ಡ್ವೇನ್ ಮದ್ದಿಲ್ಲದ ತೋಟೆ ಕಟ್ಟುವವನಲ್ಲ. ಮದ್ದಿನ ಡಬ್ಬಿ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಅದನ್ನು ಮುಟ್ಟದೆ ಬಿಟ್ಟವರು ಯಾರು?

ತೋಟೆಯ ಮೈಮೇಲಿನ ಮೇಣವನ್ನು ಒರೆಸಿರಲಿಲ್ಲ. ಬೆಳಕಿಗೆ ಓರೆ ಹಿಡಿದಾಗ ಅದರ ಮೇಲೆ ಒಂದು ಹೆಬ್ಬೆರಳಿನ ಗುರುತು ಕಂಡಿತು. ವರ್ನಾ ತನ್ನ ಹೆಬ್ಬೆರಳನ್ನು ಅದರ ಪಕ್ಕಕ್ಕೆ ತಂದಳು. ಗುರುತು ಅದರ ಅರ್ಧದಷ್ಟಿತ್ತು.

ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. ದೊಡ್ಡ ಕಟ್ಟಳೆಯನ್ನು ಮುರಿದ ಮಗು ಅಜ್ಜನ ಚಿಕ್ಕ ಕಟ್ಟಳೆಯನ್ನು ಕಾಪಾಡಿಕೊಂಡಿತ್ತು. ಅಜ್ಜ ಕೋಣೆಯಲ್ಲಿ ಇರಲಿಲ್ಲ. ಹಾಗಾಗಿ ಮದ್ದು ಹಾಕಿರಲಿಲ್ಲ.

ತೋಟೆಯನ್ನು ಏಪ್ರನ್ ಜೇಬಿಗೆ ಹಾಕಿಕೊಂಡು ಅವಳು ಗುಡ್ಡದ ದಾರಿ ಹಿಡಿದಳು. ಏರಿನ ಕೆಂಪು ಜೇಡಿಯಲ್ಲಿ ಡ್ವೇನ್‌ನ ಬೂಟಿನ ಹೆಜ್ಜೆಗಳು ಒಣಗಿ ಗಟ್ಟಿಯಾಗಿದ್ದವು. ಅವಳು ಅವುಗಳ ಪಕ್ಕದಲ್ಲೇ ಹತ್ತಿದಳು. ಸ್ವಲ್ಪ ದೂರ ಹೋದ ಮೇಲೆ ತನ್ನ ನಡಿಗೆಗೆ ಅವು ಹೊಂದುತ್ತಿಲ್ಲವೆಂದು ಅನ್ನಿಸಿತು. ಆರಡಿ ಎತ್ತರದ ಗಂಡಸಿನ ಹೆಜ್ಜೆ; ಒಂದರಿಂದ ಇನ್ನೊಂದಕ್ಕೆ ಮಾತ್ರ ಒಂದೂವರೆ ಗೇಣು. ಅಷ್ಟು ದೊಡ್ಡ ಮನುಷ್ಯ ಅಷ್ಟು ಪುಟ್ಟ ಪುಟ್ಟ ಹೆಜ್ಜೆಯಿಟ್ಟು ಗುಡ್ಡ ಯಾಕೆ ಹತ್ತಬೇಕು? ಬಗ್ಗಿ ನೋಡಿದಳು. ಒಂದು ಕಡೆ ಅವನ ಹಿಮ್ಮಡಿಯ ಆಚೆಗೆ ಇನ್ನೊಂದು ಹಿಮ್ಮಡಿಯ ಅಂಚು ಉಳಿದುಹೋಗಿತ್ತು. ಸಣ್ಣದು. ಅವಳು ಸೆಪ್ಟೆಂಬರಿನಲ್ಲಿ ತಾನೇ ಕೊಡಿಸಿದ ಶಾಲೆಯ ಬೂಟಿನದು.

ಒಂದೊಂದು ಹೆಜ್ಜೆಯ ಮೇಲೂ ಅವನು ತನ್ನ ಕಾಲನ್ನು ಒತ್ತಿಕೊಂಡು ನಡೆದಿದ್ದ. ಬುಧವಾರ, ಹಾರ್ಲನ್ ಬಂದುಹೋದ ಮೇಲೆ. ತಾನು ಹೊಡೆದಿಲ್ಲ, ಹೆಂಡತಿಯೂ ಅಪ್ಪನೂ ಪೇಟೆಯಲ್ಲಿದ್ದರು. ಉಳಿದವರು ಯಾರೆಂದು ಅವನು ಅವತ್ತೇ ಲೆಕ್ಕ ಹಾಕಿದ್ದ. ಅವಳು ಹಾಕಿರಲಿಲ್ಲ. ಅವಳ ಲೆಕ್ಕ ಎರಡು ವರ್ಷದ ಹಿಂದೆಯೇ ಮುಗಿದಿತ್ತು.

ನೆತ್ತಿಯ ಪೈನ್ ಮರದ ಕೆಳಗೆ ನಿಂತು ನೋಡಿದಳು. ಮೂವತ್ತು ಮಾರು ಆಚೆ ಬೇಲಿಯ ಕಂಬದ ಮೇಲೆ ಒಂದು ಪೀಚ್ ಹಣ್ಣಿನ ಡಬ್ಬ ಇನ್ನೂ ಕೂತಿತ್ತು. ಭಾನುವಾರದ ಊಟಕ್ಕೆ ಅವಳೇ ತೆರೆದದ್ದು. ಡಬ್ಬಕ್ಕೆ ಏನೂ ಆಗಿರಲಿಲ್ಲ. ಅದರ ಹಿಂದೆ, ಇಳಿಜಾರಿನ ಆಚೆ, ಹಾರ್ಲನ್‌ನ ಹುಲ್ಲುಗಾವಲು ತೊರೆಯವರೆಗೂ ಚೆನ್ನಾಗಿ ಕಾಣುತ್ತಿತ್ತು. ಅವಳು ಮೊಣಕಾಲು ಮಡಿಸಿ ಮಾರ್ನಿಯ ಎತ್ತರಕ್ಕೆ ಇಳಿದಳು. ಹುಲ್ಲುಗಾವಲು ಮಾಯವಾಯಿತು. ಡಬ್ಬ, ಅದರ ಹಿಂದೆ ದಿಬ್ಬದ ಅಂಚು, ಅದರ ಹಿಂದೆ ಬರಿಯ ಆಕಾಶ.

ಡಬ್ಬ ತಪ್ಪಿದ ಮೇಲೆ ಕುದುರೆ ಕೂಗಿರಬೇಕು. ಆ ಕೂಗು ಇಲ್ಲಿಗೆ ಕೇಳಿಸಿರಬೇಕು. ಅಜ್ಜ ಕಲಿಸಿದ ಅಭ್ಯಾಸಕ್ಕೆ ಕೈ ಕೋವಿಯ ಬೋಲ್ಟನ್ನು ಎಳೆದಿದೆ, ತೋಟೆ ಹಾರಿ ಬಿದ್ದಿದೆ. ಬಿದ್ದ ಹಿತ್ತಾಳೆಯನ್ನು ಹೆಕ್ಕದೆ ಜಾಗ ಬಿಡಬಾರದು ಎಂಬುದನ್ನೂ ಅಜ್ಜ ಕಲಿಸಿದ್ದ. ಮಗು ಅದನ್ನು ಮರೆತು ಓಡಿತ್ತು.

ಅವತ್ತು ಸಂಜೆ ಅವಳು ಮಗಳನ್ನು ಏನೂ ಕೇಳಲಿಲ್ಲ. ಬಾಯಿ ಬಿಡಿಸಿದರೆ ಹೇಳುತ್ತಾಳೆ. ಬಿಡಿಸಿ ಹೇಳಿಸಿದ ಮಾತು ಅವಳದಾಗುವುದಿಲ್ಲ. ಜಡೆ ಹೆಣೆಯುವಾಗ ಎಂದಿಗಿಂತ ನಿಧಾನವಾಗಿ ಹೆಣೆದಳು, ಅಷ್ಟೆ. ಡ್ವೇನ್‌ಗೂ ಏನೂ ಹೇಳಲಿಲ್ಲ. ಆದರೆ ಅವನ ಬೂಟಿನ ಜೇಡಿಯನ್ನು ತೊಳೆದು, ಒಲೆಯ ಪಕ್ಕ ಒಣಗಲು ಇಟ್ಟಳು. ಅವನು ಅದನ್ನು ನೋಡಿದ. ಅವಳನ್ನು ನೋಡಿದ. ಆಮೇಲೆ ನೆಲ ನೋಡಿದ.

ಶನಿವಾರ ಬೆಳಗಾಗುವ ಮೊದಲೇ ಗುಡ್ಡಗಳ ಕಡೆಯಿಂದ ದೂರದ ಈಡುಗಳು ಕೇಳಿಸತೊಡಗಿದವು. ಒಂದೊಂದಕ್ಕೂ ಮಾರ್ನಿಯ ಭುಜ ಅಲುಗುತ್ತಿತ್ತು. ವರ್ನಾ ಕಾವಲಿ ಕಾಯಿಸಿದಳು. ಮೊದಲನೆಯದನ್ನು ನಾಯಿಗೆ ಹಾಕಿದಳು. ಓರಿನ್ ಕಾಫಿಯ ಬಟ್ಟಲಿನೊಳಗೆ ನೋಡುತ್ತ ಕೂತಿದ್ದ. ಡ್ವೇನ್ ಒಗೆದ ಅಂಗಿ ತೊಟ್ಟು ಟೋಪಿ ಕೈಗೆತ್ತಿಕೊಂಡ.

"ಹಾರ್ಲನ್ ಹತ್ರ ಹೋಗಿ ಬರ್ತೀನಿ," ಎಂದ, ಯಾರಿಗೂ ಅಲ್ಲ ಎಂಬಂತೆ.

"ಹಿಟ್ಟು ಇನ್ನೂ ಇದೆ. ಕೂತ್ಕೊ," ಎಂದಳು ವರ್ನಾ.

ಏಪ್ರನ್ ಜೇಬಿನಿಂದ ಇಪ್ಪತ್ತನೆಯ ತೋಟೆಯನ್ನು ತೆಗೆದು, ಮೂರು ದಿನದ ಹಿಂದೆ ಹಾರ್ಲನ್ ನಿಲ್ಲಿಸಿದ್ದ ಜಾಗದಲ್ಲೇ, ಪಾಕದ ಬಾಟಲಿಯ ಪಕ್ಕ, ನಿಲ್ಲಿಸಿದಳು. ಯಾರ ಕಡೆಗೂ ನೋಡಲಿಲ್ಲ. ಒಲೆಯ ಕಡೆ ತಿರುಗಿ ಹಿಟ್ಟು ಹುಯ್ದಳು. ಬೆನ್ನ ಹಿಂದೆ ಓರಿನ್‌ನ ಬಟ್ಟಲು ಮೇಜಿಗೆ ತಾಗಿದ ಸದ್ದು. ಡ್ವೇನ್ ಕುರ್ಚಿ ಎಳೆದು ಕೂತ ಸದ್ದು. ಹಿಟ್ಟಿನ ಮೇಲೆ ಗುಳ್ಳೆ ಎದ್ದವು, ಒಡೆದವು. ಅವಳು ಮಗುಚಿ ಹಾಕಲಿಲ್ಲ, ಕಾದಳು. ಕರಿದಾದರೆ ಆಗಲಿ.

"ಅಮ್ಮಾ," ಎಂದಳು ಮಾರ್ನಿ.

ವರ್ನಾ ತಿರುಗಿದಳು. ಹುಡುಗಿಯ ಕಣ್ಣು ತೋಟೆಯ ಮೇಲಿತ್ತು, ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿಕೊಂಡಿದ್ದಳು.

"ನಾನು ಓಡಿಬಂದ ಮೇಲೆ ಪೆನ್ನಿ ಎಷ್ಟು ಹೊತ್ತು ಒದ್ದಾಡ್ತು?"